ತಂತಿ ಹೋಯಿತು, ಠಸ್ಸೆ ಉಳಿಯಿತು

ಜೈಮಿನಿ ಭಾರತದ ಕವಿ ಲಕ್ಷ್ಮೀಶ ತನ್ನ ಊರನ್ನು ದೇವಪುರ ಎಂದು ಹೇಳಿಕೊಂಡಿದ್ದಾನೆ. ಆದರೆ ಯಾವ ದೇವಪುರ? ಕಡೂರು ತಾಲ್ಲೂಕಿನ ದೇವನೂರೇ ಅದು ಎಂದು ಬಹುಮಂದಿ ವಿದ್ವಾಂಸರು ಹೇಳಿದರೆ, ಸುರಪುರ ತಾಲ್ಲೂಕಿನ ದೇವಾಪುರವೇ ಅದು ಎಂದು ವಾದಿಸಿದವರೂ ಉಂಟು. ಊರಿನ ಹೆಸರಿದೆ, ಆದರೆ ಸೀಮೆಯ ಹೆಸರಿಲ್ಲ, ತಾರೀಖಿಲ್ಲ. ಅಷ್ಟು ಸಾಕು, ತಲೆಮಾರುಗಟ್ಟಲೆ ಚರ್ಚೆ ನಡೆಯುವುದಕ್ಕೆ.

ಅದೇ ಹೆಸರಿನ ಊರಿಗೆ ಬಂದ ಒಂದು ಹಳೆಯ ಕಾರ್ಡನ್ನೋ ತಂತಿಯ ಹಾಳೆಯನ್ನೋ ಕೈಗೆತ್ತಿಕೊಂಡರೆ ಈ ತೊಡಕು ಇರುವುದಿಲ್ಲ. ಅದರ ಮೇಲೆ ಬೆರಳಗಲದ ಒಂದು ಕಪ್ಪು ವರ್ತುಲವಿರುತ್ತದೆ. ಮೇಲ್ಭಾಗದಲ್ಲಿ ಕಚೇರಿಯ ಹೆಸರು, ನಡುವೆ ದಿನ, ತಿಂಗಳು, ವರ್ಷ. ಹಲವೊಮ್ಮೆ ಕೆಳಗೆ ಜಿಲ್ಲೆಯ ಹೆಸರು ಅಥವಾ ಪಿನ್ ಸಂಖ್ಯೆ. ಇದನ್ನು ಇಲಾಖೆಯವರು ದಿನಾಂಕ ಮುದ್ರೆ ಎನ್ನುತ್ತಾರೆ. ಜನರ ಬಾಯಲ್ಲಿ ಇದು ಠಸ್ಸೆ, ಮೊಹರು. ಉತ್ತರ ಕರ್ನಾಟಕದ ಕಡೆ ಸಿಕ್ಕಾ. ತಂತಿ ಸೇವೆ ನಿಂತು ಹತ್ತು ವರ್ಷಗಳ ಮೇಲಾಯಿತು. ತಂತಿಯ ವೇಗದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆದರೆ ಹಳ್ಳಿಯವರ ಕೈಯಲ್ಲಿ ಕೊನೆಗೆ ಉಳಿದದ್ದು ವೇಗವಲ್ಲ, ಈ ಮುದ್ರೆ.

ಕಾವಲಿಗೆ ಹುಟ್ಟಿದ ಮುದ್ರೆ

ಟಪಾಲಿನ ಮೇಲೆ ತಾರೀಖನ್ನು ಒತ್ತುವ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1661ರಲ್ಲಿ. ಆಗ ಅಲ್ಲಿನ ಅಂಚೆಯ ಹೊಣೆ ಹೊತ್ತಿದ್ದವನು ಹೆನ್ರಿ ಬಿಷಪ್. ಕಾಗದಗಳು ತಡವಾಗಿ ತಲಪುತ್ತಿವೆ ಎಂಬ ದೂರು ಬರುತ್ತಿತ್ತು. ತಡ ಮಾಡಿದವರು ಯಾರು ಎಂದು ಹೇಳಲು ಆಧಾರವಿರಲಿಲ್ಲ. ಕಚೇರಿಗೆ ಕಾಗದ ಬಂದ ದಿನವನ್ನೇ ಅದರ ಮೇಲೆ ಒತ್ತಿಬಿಟ್ಟರೆ ಕಾಗದ ಹಂಚುವವರು ಅದನ್ನು ಇಟ್ಟುಕೊಂಡು ಕೂರಲು ಧೈರ್ಯ ಮಾಡುವುದಿಲ್ಲ ಎಂಬುದು ಅವನ ಉಪಾಯ. ಅಂಚೆಚೀಟಿಯನ್ನು ರದ್ದು ಮಾಡುವುದಕ್ಕಾಗಿ ಈ ಮುದ್ರೆ ಹುಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಅಂಚೆಚೀಟಿ ಬಂದದ್ದು 1840ರಲ್ಲಿ. ಅದಕ್ಕೂ ಸುಮಾರು 180 ವರ್ಷ ಮೊದಲೇ ಮುದ್ರೆ ಇತ್ತು. ಅದು ಇಲಾಖೆ ತನ್ನ ಮೇಲೆ ತಾನೇ ಹಾಕಿಕೊಂಡ ಕಾವಲು.

ಮುದ್ರೆಯ ರಚನೆ ಸರಳವಾದದ್ದು. ಹಿಡಿಕೆಯ ತುದಿಯಲ್ಲಿ ಲೋಹದ ಬಿಲ್ಲೆ, ಅದರ ಅಂಚಿನಲ್ಲಿ ಊರಿನ ಹೆಸರನ್ನು ತಿರುವುಮುರುವಾಗಿ ಕೊರೆದಿರುತ್ತದೆ. ನಡುವಿನ ಖಾಲಿ ಜಾಗದಲ್ಲಿ ದಿನ, ತಿಂಗಳು, ವರ್ಷಗಳ ಸಣ್ಣ ಅಚ್ಚುಮೊಳೆಗಳನ್ನು ಕೂರಿಸಬೇಕು. ಊರಿನ ಹೆಸರು ಸ್ಥಿರ, ದಿನ ಚರ. ಪ್ರತಿದಿನ ಬೆಳಿಗ್ಗೆ ಕೆಲಸ ಆರಂಭವಾಗುವ ಮೊದಲು ಹಿಂದಿನ ದಿನದ ಮೊಳೆಯನ್ನು ತೆಗೆದು ಹೊಸದನ್ನು ಹಾಕಬೇಕು. ಆ ಬಳಿಕ ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಒಮ್ಮೆ ಒತ್ತಿ, ಹೆಸರು ಮತ್ತು ತಾರೀಖು ಸ್ಪಷ್ಟವಾಗಿ ಮೂಡಿದೆಯೇ ಎಂದು ನೋಡಿ, ಪೋಸ್ಟ್ ಮಾಸ್ತರರು ಸಹಿ ಮಾಡಬೇಕು. ಆ ದಿನದ ಮೊದಲ ಠಸ್ಸೆ ಬೀಳುವುದು ಜನರ ಕಾಗದದ ಮೇಲಲ್ಲ, ಕಚೇರಿಯ ಪುಸ್ತಕದ ಮೇಲೆ.

ಮನುಷ್ಯರ ಕೈಕೆಲಸವಾದ್ದರಿಂದ ತಪ್ಪುಗಳೂ ಆಗುತ್ತಿದ್ದವು. ಮೊಳೆ ತಲೆಕೆಳಗಾಗಿ 6 ಇದ್ದದ್ದು 9 ಆಗುವುದು, ಜನವರಿ ಬಂದರೂ ಹಳೆಯ ವರ್ಷವೇ ಉಳಿದಿರುವುದು, ಮಸಿ ಹೆಚ್ಚಾಗಿ ಅಕ್ಷರ ತುಂಬಿಹೋಗುವುದು ಇವೆಲ್ಲ ಅಂಚೆಚೀಟಿ ಸಂಗ್ರಾಹಕರಿಗೆ ಪರಿಚಿತ. ಅವರಿಗೆ ಅದು ಸಂಗ್ರಹದ ಸ್ವಾರಸ್ಯ. ಆದರೆ ಆ ಕಾಗದವನ್ನು ಕಾಯುತ್ತಿದ್ದವರಿಗೆ ಆ ತಪ್ಪು ಒಂದು ದಾವೆಯನ್ನೋ ಒಂದು ನೌಕರಿಯನ್ನೋ ಕಳೆದುಬಿಡಬಹುದಾಗಿತ್ತು.

ತಂತಿ ಬಂದ ದಾರಿ

ಭಾರತದಲ್ಲಿ ವಿದ್ಯುತ್ ತಂತಿಯ ಮೊದಲ ಪ್ರಯೋಗಗಳನ್ನು ಮಾಡಿದವನು ವಿಲಿಯಂ ಓಶಾನೆಸಿ ಎಂಬ ವೈದ್ಯ. 1839ರಲ್ಲಿ ಕಲ್ಕತ್ತೆಯ ಸಮೀಪ ಅವನ ಪ್ರಯೋಗ ನಡೆಯಿತು. 1853ರಲ್ಲಿ ಉದ್ದನೆಯ ತಂತಿಮಾರ್ಗಗಳ ಕೆಲಸ ಆರಂಭವಾಗಿ, 1854ರ ಮಾರ್ಚಿಯಲ್ಲಿ ಆಗ್ರಾ–ಕಲ್ಕತ್ತೆಗಳ ನಡುವೆ ಸಂದೇಶ ಹರಿಯಿತು. 1855ರ ಫೆಬ್ರವರಿಯಿಂದ ಸಾರ್ವಜನಿಕರೂ ಹಣ ಕೊಟ್ಟು ತಂತಿ ಕಳಿಸಬಹುದಾಯಿತು. ಮುಂಬಯಿ–ಮದ್ರಾಸುಗಳನ್ನು ಕೂಡಿಸಿದ ತಂತಿ ಬೆಂಗಳೂರಿನ ಮೇಲೆ ಹಾದಿತ್ತು.

ಈ ಹೊತ್ತಿನಲ್ಲಿ ಸುರಪುರ ಬೇಡ ನಾಯಕರ ಸಂಸ್ಥಾನವಾಗಿತ್ತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪನಾಯಕ ಬ್ರಿಟಿಷರ ವಿರುದ್ಧ ಎದ್ದದ್ದು, ಸೋತು ಸೆರೆಯಾದದ್ದು, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡದ್ದು ಕನ್ನಡನಾಡಿನ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. 1860ರ ಒಪ್ಪಂದದಂತೆ ಸುರಪುರ ಸೀಮೆ ಹೈದರಾಬಾದಿನ ನಿಜಾಮನಿಗೆ ಸೇರಿತು. ಮುಂದೆ 1948ರವರೆಗೆ ಈ ಭಾಗದ ಹಳ್ಳಿಗಳ ಕಾಗದಪತ್ರಗಳ ಸ್ವರೂಪವನ್ನು ನಿರ್ಧರಿಸಿದ್ದು ಈ ಒಪ್ಪಂದವೇ.

ತಂತಿಗೆ ರೈಲು ಜೊತೆಗಾರ. ರೈಲು ಹಳಿಯ ಪಕ್ಕದಲ್ಲೇ ತಂತಿ ಕಂಬಗಳು ನಡೆದವು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯೊಂದಿಗೆ ಕೂಡಿದಾಗ ಯಾದಗಿರಿ ಆ ಮಾರ್ಗದಲ್ಲಿತ್ತು. ಸುರಪುರ ಅಲ್ಲಿಂದ ಸುಮಾರು 50 ಕಿಲೋಮೀಟರ್ ಒಳಗೆ. ಅದರಾಚೆ ಕೃಷ್ಣೆಯ ಕಡೆಗೆ ದೇವಾಪುರದಂಥ ಹಳ್ಳಿಗಳು. ಹಳಿಯ ಮೇಲಿನ ಊರಿಗೂ ಹಳಿಯಿಂದ ದೂರದ ಊರಿಗೂ ಅಂದಿನಿಂದ ಸುದ್ದಿಯ ವಿಷಯದಲ್ಲಿ ಅಂತರ ಬಿತ್ತು.

ಈ ಅಂತರವನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಅಂಚೆ ಮತ್ತು ತಂತಿಗಳ ಕೂಡುಕಚೇರಿ. ಮೊದಲು ತಂತಿ ಇಲಾಖೆ ಪ್ರತ್ಯೇಕವಾಗಿತ್ತು. ಪ್ರತಿಯೊಂದು ಸಣ್ಣ ಊರಿನಲ್ಲೂ ಬೇರೆ ಕಟ್ಟಡ, ಬೇರೆ ಸಿಬ್ಬಂದಿ ಇಡುವುದು ದುಬಾರಿ. ಆದ್ದರಿಂದ 1883ರ ಸುಮಾರಿಗೆ ಅಂಚೆ ಕಚೇರಿಯಲ್ಲೇ ತಂತಿ ಕೆಲಸವನ್ನೂ ಮಾಡಿಸುವ ವ್ಯವಸ್ಥೆ ಬಂತು. ಪೋಸ್ಟ್ ಮಾಸ್ತರರೇ ತಂತಿಯ ಕಟ್ಟೆಕಡ ಸಂಕೇತವನ್ನೂ ಕಲಿತರು. ಒಂದೇ ಮೇಜಿನ ಮೇಲೆ ಒಂದು ಕಡೆ ಮೋರ್ಸ್ ಉಪಕರಣ, ಇನ್ನೊಂದು ಕಡೆ ಮಸಿಯ ದಿಂಡು ಮತ್ತು ಠಸ್ಸೆ. 1914ರಲ್ಲಿ ಎರಡೂ ಇಲಾಖೆಗಳು ಒಬ್ಬನೇ ಮಹಾನಿರ್ದೇಶಕನ ಕೈಕೆಳಗೆ ಬಂದವು. ‘ಅಂಚೆ ಮತ್ತು ತಂತಿ ಕಚೇರಿ’ ಎಂಬ ಜೋಡಿಮಾತು ನಮ್ಮ ಊರುಗಳ ಫಲಕಗಳ ಮೇಲೆ ಕಾಣಿಸಿಕೊಂಡದ್ದು ಹೀಗೆ.

ತಂತಿಗೂ ಒಂದು ಕಾಲದಲ್ಲಿ ಪ್ರತ್ಯೇಕ ಚೀಟಿಗಳಿದ್ದವು. 1860ರಿಂದ ಬಂದ ತಂತಿ ಚೀಟಿಯಲ್ಲಿ ವಿಕ್ಟೋರಿಯಾ ರಾಣಿಯ ಎರಡು ತಲೆಗಳು, ಒಂದು ಮೇಲೆ, ಒಂದು ಕೆಳಗೆ. ಮೇಲಿನ ಅರ್ಧ ಹಣ ಕೊಟ್ಟವರ ರಸೀದಿಗೆ, ಕೆಳಗಿನ ಅರ್ಧ ಸಂದೇಶ ಬರೆದ ಹಾಳೆಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಚೀಟಿಗಳು ಹೋಗಿ ಸಾಮಾನ್ಯ ಅಂಚೆಚೀಟಿಗಳೇ ತಂತಿಗೂ ಬಳಕೆಯಾದವು.

ಒಂದೇ ಬೀದಿ, ಎರಡು ಸರ್ಕಾರ

ಮೈಸೂರು ಸಂಸ್ಥಾನದ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಹೈದರಾಬಾದ್ ಸಂಸ್ಥಾನ ಹಾಗೆ ಮಾಡಲಿಲ್ಲ. 1869ರಿಂದ ನಿಜಾಮ ಸರ್ಕಾರಕ್ಕೆ ತನ್ನದೇ ಅಂಚೆಚೀಟಿಗಳು. ಆದರೆ ಅವು ಸಂಸ್ಥಾನದ ಗಡಿಯೊಳಗೆ ಮಾತ್ರ ಸಲ್ಲುತ್ತಿದ್ದವು. ಹೊರಗಿನ ಊರಿಗೆ ಕಾಗದ ಹೋಗಬೇಕಾದರೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕು. ಸಂಸ್ಥಾನದೊಳಗೇ ಅಲ್ಲಲ್ಲಿ, ಮುಖ್ಯವಾಗಿ ರೈಲುದಾರಿಯ ಊರುಗಳಲ್ಲಿ ಮತ್ತು ದಂಡಿನ ಠಾಣೆಗಳಲ್ಲಿ, ಬ್ರಿಟಿಷ್ ಅಂಚೆ ಕಚೇರಿಗಳೂ ಇದ್ದವು. ಊರೂರನ್ನು ದಾಟಿ ದೂರದ ನಗರಗಳಿಗೆ ಹೋಗುವ ತಂತಿಜಾಲವೂ ಬ್ರಿಟಿಷ್ ಇಂಡಿಯಾದ ಇಲಾಖೆಯದೇ. ಹೀಗಾಗಿ ಈ ಭಾಗದ ಒಂದೇ ಮನೆಯ ಕಾಗದಗಳಲ್ಲಿ ಎರಡು ಸರ್ಕಾರಗಳ ಮುದ್ರೆಗಳು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ತಾರೀಖು ಕೂಡ ಎರಡು ಬಗೆ. ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದುದು ಫಸಲಿ ವರ್ಷ. ಸುಗ್ಗಿ ಮತ್ತು ಕಂದಾಯದ ಲೆಕ್ಕಕ್ಕೆ ಹೊಂದುವಂತೆ ಅಕ್ಟೋಬರಿನಲ್ಲಿ ಆರಂಭವಾಗುವ ವರ್ಷ ಅದು. ಫಸಲಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ 590, ಜನವರಿಯ ನಂತರ 591 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. ಹೈದರಾಬಾದಿನ ಭೂಕಂದಾಯ ಕಾಯ್ದೆಯನ್ನು 1317 ಫಸಲಿಯ ಕಾಯ್ದೆ ಎನ್ನುವುದು ಇದರಿಂದಲೇ. ಅದು 1907–08ರ ಕಾಯ್ದೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ನಡೆದದ್ದು ಫಸಲಿ 1357ರಲ್ಲಿ. ಈ ಲೆಕ್ಕ ತಿಳಿಯದವರು ಅಜ್ಜನ ಕಾಲದ ಪತ್ರದಲ್ಲಿ 1340 ಎಂದು ಕಂಡು ಅದು ವಿಜಯನಗರದ ಕಾಲದ್ದೆಂದು ಬೆಚ್ಚಿಬೀಳಬಹುದು. ಅದು 1930–31 ಅಷ್ಟೆ.

ಗಡಿಯಾರವನ್ನೂ ತಂತಿಯೇ ಬದಲಿಸಿತು. ಮೊದಲು ಪ್ರತಿ ಊರಿಗೂ ತನ್ನದೇ ಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು. ಆದರೆ ತಂತಿಯ ಎರಡು ತುದಿಗಳಲ್ಲಿ ಕುಳಿತವರು ಬೇರೆ ಬೇರೆ ಗಡಿಯಾರ ಇಟ್ಟುಕೊಂಡರೆ ಸಂದೇಶ ಹೊರಟ ಗಳಿಗೆಗೂ ಮುಟ್ಟಿದ ಗಳಿಗೆಗೂ ಲೆಕ್ಕ ಸಿಗದು. ಆದ್ದರಿಂದ ತಂತಿ ಮತ್ತು ರೈಲ್ವೆಗಳು ಮದ್ರಾಸಿನ ವೇಳೆಯನ್ನು ಒಪ್ಪಿಕೊಂಡವು. 1906ರ ಜನವರಿ 1ರಿಂದ ಈಗಿನ ಭಾರತೀಯ ಪ್ರಮಾಣಿತ ವೇಳೆ ಬಂತು. ಸುರಪುರದ ಸೂರ್ಯ ಈ ವೇಳೆಗಿಂತ ಸುಮಾರು 23 ನಿಮಿಷ ಹಿಂದೆ. ಹೊಲದಲ್ಲಿದ್ದವರು ನೆರಳು ನೋಡಿಯೇ ಬುತ್ತಿ ಬಿಚ್ಚಿದರು. ತಂತಿ ಕಚೇರಿಯ ಗೋಡೆಯ ಮೇಲೆ ಮಾತ್ರ ಇಡೀ ದೇಶಕ್ಕೆ ಒಂದೇ ಗಡಿಯಾರ.

ಹಾಳೆಯನ್ನು ಓದುವ ಬಗೆ

ಹಳ್ಳಿಯಲ್ಲಿ ‘ತಾರು ಬಂತು’ ಎಂದರೆ ಸಾವಿನ ಸುದ್ದಿ ಎಂದೇ ಅರ್ಥ. ಹಾಳೆ ಬಿಚ್ಚುವ ಮೊದಲೇ ಮನೆಯ ಹೆಂಗಸರು ಅಳಲು ತೊಡಗುತ್ತಿದ್ದರು. ಅದರಲ್ಲಿದ್ದುದು ಇಂಗ್ಲಿಷ್. ಓದಿ ಹೇಳಲು ಪೋಸ್ಟ್ ಮಾಸ್ತರರೋ ಶಾಲೆಯ ಮಾಸ್ತರರೋ ಬೇಕು. ಮೋರ್ಸ್ ಸಂಕೇತ ರೋಮನ್ ಅಕ್ಷರಗಳಿಗೆಂದು ಕಟ್ಟಿದ್ದಾದ್ದರಿಂದ ಕನ್ನಡದ ದುಃಖವೂ ಬಹುಮಟ್ಟಿಗೆ ನಾಲ್ಕೈದು ಇಂಗ್ಲಿಷ್ ಶಬ್ದಗಳಲ್ಲಿ ಅಡಗಬೇಕಾಗಿತ್ತು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ’ ಎಂಬ ಒಕ್ಕಣೆ ಇಂಗ್ಲಿಷ್ ಬಾರದವರ ಬಾಯಲ್ಲೂ ನೆಲೆಸಿಬಿಟ್ಟಿತ್ತು.

ಶಬ್ದಗಳಿಗೆ ಹಣ ಎಣಿಸುತ್ತಿದ್ದ ಕಾರಣ ಇಲಾಖೆಯೇ ಹಲವು ಸಂಕೇತಗಳನ್ನು ಮಾಡಿತ್ತು. ಸಾವಿನ ಸುದ್ದಿಯ ತಂತಿಗೆ ‘ಎಕ್ಸ್ ಎಕ್ಸ್’ ಎಂಬ ಗುರುತು. ಅದು ಉಳಿದವುಗಳಿಗಿಂತ ಮೊದಲು ಹೋಗಬೇಕು. ಶುಭಾಶಯಗಳಿಗೆ ಸಂಖ್ಯೆಗಳಿದ್ದವು. 8 ಎಂದು ಕಳಿಸಿದರೆ ಮದುವೆಯ ಹಾರೈಕೆಯ ಇಡೀ ವಾಕ್ಯ ಅಲ್ಲಿ ಬರೆದುಕೊಳ್ಳುತ್ತಿತ್ತು.

ತಲಪಿದ ಹಾಳೆಯ ನೆತ್ತಿಯಲ್ಲಿ ಒಂದು ಸಾಲು ಅಕ್ಷರ, ಅಂಕಿಗಳಿರುತ್ತಿದ್ದವು. ತಂತಿಯ ವರ್ಗ, ಅದನ್ನು ಕೊಟ್ಟ ವೇಳೆ, ಹೊರಟ ಕಚೇರಿ, ತಾರೀಖು, ಶಬ್ದಗಳ ಸಂಖ್ಯೆ ಎಂಬುದು ಅದರ ಕ್ರಮ. ಈ ಕ್ರಮವನ್ನು ಹಾಳೆಯ ಮೇಲೆಯೇ ಅಚ್ಚು ಹಾಕಿಸಿದ್ದರು. ಅದರ ಪಕ್ಕದಲ್ಲಿ ತಲಪಿದ ಕಚೇರಿಯ ದುಂಡು ಮುದ್ರೆ. ಸಾಲು ಹೊರಟದ್ದನ್ನು ಹೇಳುತ್ತದೆ, ಮುದ್ರೆ ಮುಟ್ಟಿದ್ದನ್ನು ಹೇಳುತ್ತದೆ.

ಹಳ್ಳಿಯ ಮಟ್ಟಿಗೆ ಇದು ಮುಖ್ಯವಾದ ಮಾತು. ತಂತಿ ಕಚೇರಿಯಿಂದ ಒಂದು ಮೇರೆಯವರೆಗೆ ಮಾತ್ರ ಸಂದೇಶವನ್ನು ಪುಕ್ಕಟೆ ಮುಟ್ಟಿಸುತ್ತಿದ್ದರು. ಅದರಾಚೆಯ ಊರಾದರೆ ಬೇರೆ ಹಣ ಕೊಟ್ಟು ಆಳನ್ನು ಕಳಿಸಬೇಕು, ಇಲ್ಲವೇ ತಂತಿಯ ಹಾಳೆ ಸಾಮಾನ್ಯ ಟಪಾಲಿನ ಚೀಲ ಸೇರಬೇಕು. ಮುಂಬಯಿಯಿಂದ ತಾಲ್ಲೂಕಿನ ಊರಿಗೆ ಒಂದೆರಡು ಗಂಟೆಯಲ್ಲಿ ಬಂದ ಸುದ್ದಿ ಅಲ್ಲಿಂದ ಹತ್ತು ಹರದಾರಿಯ ಹಳ್ಳಿಗೆ ಮುಟ್ಟಲು ಒಂದೆರಡು ದಿನ ಹಿಡಿಯುತ್ತಿತ್ತು. ಮುಂಬಯಿಯಲ್ಲಿ ಗಿರಣಿ ಕೆಲಸಕ್ಕೆ ಹೋದ ಮಗನ ಸುದ್ದಿ ತಡವಾದಾಗ ತಪ್ಪು ಯಾರದು? ಕಳಿಸಿದವರದೇ, ತಂತಿಯದೇ, ಕೊನೆಯ ಹರದಾರಿಗಳದೇ? ಹಾಳೆಯ ಮೇಲಿನ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಉತ್ತರ ಸಿಗುತ್ತಿತ್ತು. ಮುಂದೆ ದೂರವಾಣಿ ಹಳ್ಳಿಗಳಿಗೆ ಬಂದ ಮೇಲೆ ಸಣ್ಣ ಕಚೇರಿಗಳಲ್ಲಿ ಮೋರ್ಸ್ ಉಪಕರಣವಿಲ್ಲದೆಯೇ ಫೋನಿನಲ್ಲಿ ತಂತಿಯ ಒಕ್ಕಣೆಯನ್ನು ಹೇಳಿ ಬರೆಸುವ ಪದ್ಧತಿಯೂ ನಡೆಯಿತು. ಆಗಲೂ ಬರೆದುಕೊಂಡ ಹಾಳೆಗೆ ಬೆಲೆ ಬರುತ್ತಿದ್ದುದು ಮುದ್ರೆ ಬಿದ್ದ ನಂತರವೇ.

ಮುದ್ರೆ ಏನನ್ನು ಸಾಬೀತು ಮಾಡುತ್ತದೆ?

ಕಾನೂನು ಈ ಮುದ್ರೆಯನ್ನು ನಂಬಿತು, ಆದರೆ ಅಳತೆಯಲ್ಲಿ ನಂಬಿತು. 1872ರ ಕರಾರು ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಒಬ್ಬನ ಪ್ರಸ್ತಾಪಕ್ಕೆ ಒಪ್ಪಿಗೆ ಕೊಡುವವನು ಆ ಒಪ್ಪಿಗೆಯನ್ನು ತನ್ನ ಕೈಮೀರಿ ಹೋಗುವಂತೆ ರವಾನಿಸಿದ ಕೂಡಲೇ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ. ಎಂದರೆ, ಕಾಗದ ಮುಟ್ಟಿದ ದಿನಕ್ಕಿಂತ ಅದು ಹೊರಟ ದಿನವೇ ಅಲ್ಲಿ ನಿರ್ಣಾಯಕ. ಹತ್ತಿಯನ್ನೋ ಎತ್ತನ್ನೋ ಕೊಳ್ಳಲು ಒಪ್ಪಿದ ಕಾಗದ ಪೇಟೆಯ ವ್ಯಾಪಾರಿಗೆ ಯಾವಾಗ ತಲಪಿತು ಎಂಬುದಕ್ಕಿಂತ ಹಳ್ಳಿಯ ಅಂಚೆ ಪೆಟ್ಟಿಗೆಯಿಂದ ತೆಗೆದು ಯಾವತ್ತು ಠಸ್ಸೆ ಹೊಡೆದರು ಎಂಬುದರ ಮೇಲೆ ವ್ಯಾಜ್ಯ ನಿಲ್ಲಬಹುದು.

ತಂತಿಯ ವಿಷಯದಲ್ಲಿ 1872ರ ಸಾಕ್ಷ್ಯ ಕಾಯ್ದೆಯ 88ನೆಯ ಕಲಮು ಬಹಳ ಜಾಣತನದ್ದು. ತಂತಿ ಕಚೇರಿ ಮುಟ್ಟಿಸಿದ ಸಂದೇಶವೂ ಆ ತುದಿಯಲ್ಲಿ ಕೊಟ್ಟ ಸಂದೇಶವೂ ಒಂದೇ ಎಂದು ನ್ಯಾಯಾಲಯ ಭಾವಿಸಬಹುದು. ಆದರೆ ಅದನ್ನು ಕೊಟ್ಟವರು ಯಾರು ಎಂಬುದರ ಬಗ್ಗೆ ಏನನ್ನೂ ಭಾವಿಸಕೂಡದು ಎಂದು ಅದು ಹೇಳಿತು. ಕಾಗದದಲ್ಲಿ ಕೈಬರಹವಿದೆ, ಸಹಿಯಿದೆ. ತಂತಿಯಲ್ಲಿ ಇರುವುದು ಕಚೇರಿಯ ಬರಹ ಮಾತ್ರ. ಯಾರ ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದು. ರಜೆ ಸಿಗಲೆಂದು ಊರಿನಿಂದ ‘ತಾಯಿಗೆ ಸೀರಿಯಸ್’ ಎಂದು ತಾವೇ ತಂತಿ ಕೊಡಿಸಿಕೊಳ್ಳುತ್ತಿದ್ದವರ ಕಥೆಗಳು ಪಟ್ಟಣದ ಕಚೇರಿಗಳಿಂದ ಸೈನ್ಯದವರೆಗೆ ಎಲ್ಲೆಡೆ ಇವೆ. ಠಸ್ಸೆ ‘ಈ ಕಚೇರಿ, ಈ ದಿನ’ ಎಂಬುದಕ್ಕೆ ಸಾಕ್ಷಿ. ಒಳಗಿನ ಮಾತು ಸತ್ಯವೋ ಸುಳ್ಳೋ ಎಂಬುದಕ್ಕೆ ಅಲ್ಲ. ಸಾಕ್ಷಿಯ ಈ ಮಿತಿಯೇ ಅದರ ಬಲವೂ ಹೌದು. ಕಚೇರಿಗೆ ಒಳಗಿನ ಮಾತಿನಲ್ಲಿ ಯಾವ ಲಾಭವೂ ಇಲ್ಲದ್ದರಿಂದಲೇ ಅದು ಒತ್ತಿದ ತಾರೀಖನ್ನು ಎರಡೂ ಪಕ್ಷದವರು ಒಪ್ಪುತ್ತಿದ್ದರು.

ನ್ಯಾಯಾಲಯದ ಮೆಟ್ಟಿಲು ಹತ್ತದವರಿಗೂ ಠಸ್ಸೆ ಬೇಕಾಗಿತ್ತು. ನೌಕರಿಯ ಸಂದರ್ಶನದ ಕರೆ ಸಂದರ್ಶನ ಮುಗಿದ ಮರುದಿನ ಹಳ್ಳಿಗೆ ಬಂದದ್ದು ಎಷ್ಟು ಮನೆಗಳ ಕಥೆಯೋ! ಅಂಥ ಹುಡುಗನೊಬ್ಬ ಕಚೇರಿಗೆ ಹೋಗಿ ತನ್ನ ಅಹವಾಲು ಹೇಳಬೇಕಾದರೆ ಅವನ ಕೈಯಲ್ಲಿದ್ದ ಆಧಾರ ಲಕೋಟೆಯ ಬೆನ್ನ ಮೇಲಿನ ಒಂದು ವರ್ತುಲ. ಅದು ಮಸುಕಾಗಿದ್ದರೆ ಅವನ ಮಾತೂ ಮಸುಕು.

ಕದಲದ ಊರು, ಬದಲಾಗುವ ವಿಳಾಸ

1950ರ ಏಪ್ರಿಲ್ 1ರಂದು ಹೈದರಾಬಾದ್ ಸಂಸ್ಥಾನದ ಅಂಚೆ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಲ್ಲಿಂದ ಈಚೆಗೆ ಸುರಪುರ ಸೀಮೆಯ ಊರುಗಳು ಒಂದಂಗುಲವೂ ಕದಲದೆ ಹಲವು ವಿಳಾಸಗಳನ್ನು ಕಂಡವು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಬಳಿಕ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. 1972ರ ಆಗಸ್ಟ್ 15ರಂದು ಪಿನ್ ಸಂಖ್ಯೆ ಬಂದಾಗ ಗುಲ್ಬರ್ಗಾ ಜಿಲ್ಲೆಗೆ 585 ಎಂಬ ಮೊದಲ ಮೂರು ಅಂಕಿ ದೊರೆತವು. 2009–10ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರಿನಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು. ಜಿಲ್ಲೆ ಬೇರೆಯಾದರೂ 585 ಉಳಿದಿದೆ. ಕನ್ನಡದಲ್ಲಿ ಸುರಪುರ ಎಂದು ಬರೆಯುವ ಊರನ್ನು ಇಂಗ್ಲಿಷಿನಲ್ಲಿ ಶೋರಾಪುರ ಎಂದು ಬರೆಯುವ ಹಳೆಯ ರೂಢಿಯೂ ಕಾಗದಗಳಲ್ಲಿ ಉಳಿದಿದೆ. ಹಳೆಯ ಕಾಗದ ಹುಡುಕುವವರು ಎರಡೂ ರೂಪಗಳನ್ನು ನೆನಪಿಡಬೇಕು.

ಇತ್ತ ತಂತಿಯ ಕಾಲ ಮುಗಿಯತೊಡಗಿತು. 1985ರಲ್ಲಿ ಅಂಚೆ ಮತ್ತು ದೂರಸಂಪರ್ಕಗಳು ಬೇರೆ ಬೇರೆ ಇಲಾಖೆಗಳಾದವು. ಆ ಸುಮಾರಿಗೆ ದೇಶದಲ್ಲಿ 45,000 ತಂತಿ ಕಚೇರಿಗಳಿದ್ದು ವರ್ಷಕ್ಕೆ 6 ಕೋಟಿ ತಂತಿಗಳು ಹೋಗಿಬರುತ್ತಿದ್ದವು ಎಂಬುದು ಸೇವೆ ನಿಲ್ಲುವಾಗ ಪ್ರಕಟವಾದ ಲೆಕ್ಕ. ದೂರವಾಣಿ ಹಳ್ಳಿ ಹಳ್ಳಿಗೆ ಬಂದಂತೆ ಈ ಸಂಖ್ಯೆ ಇಳಿಯಿತು. 2000ದಲ್ಲಿ ಹುಟ್ಟಿದ ಭಾರತ ಸಂಚಾರ ನಿಗಮ ತಂತಿ ಸೇವೆಯನ್ನು ವಹಿಸಿಕೊಂಡು 2013ರ ಜುಲೈ ಮಧ್ಯದಲ್ಲಿ ಅದನ್ನು ನಿಲ್ಲಿಸಿತು. ಆಗ ಉಳಿದಿದ್ದ ತಂತಿ ಕಚೇರಿಗಳು ಕೇವಲ 75.

ಲಕೋಟೆಯನ್ನು ಎಸೆಯಬೇಡಿ

ಇಂದು ಮೊಬೈಲಿನ ಸಂದೇಶದ ಕೆಳಗೆ ಹೊರಟ ನಿಮಿಷ, ಮುಟ್ಟಿದ ನಿಮಿಷ ಎರಡೂ ತಾವಾಗಿ ಮೂಡುತ್ತವೆ. ಹೆನ್ರಿ ಬಿಷಪ್‌ನ ಕಾವಲು ಈಗ ಎಲ್ಲರ ಅಂಗೈಯಲ್ಲಿದೆ. ಆದರೆ ಸಾಧನ ಕೆಟ್ಟರೆ ಆ ದಾಖಲೆಯೂ ಹೋಗುತ್ತದೆ. ಕಾಗದದ ಮೇಲಿನ ಎಣ್ಣೆಮಸಿ ನೂರು ವರ್ಷ ನಿಲ್ಲುತ್ತದೆ.

ನಮ್ಮಲ್ಲಿ ಹಿರಿಯರು ತೀರಿಕೊಂಡ ಮೇಲೆ ಟ್ರಂಕು ತೆರೆದು ಪತ್ರಗಳನ್ನು ಇಟ್ಟುಕೊಂಡು ಲಕೋಟೆಗಳನ್ನು ಒಲೆಗೆ ಹಾಕುವ ರೂಢಿಯಿದೆ. ಒಳಗಿನ ಪತ್ರದಲ್ಲಿ ಬರೆದವರು ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದಷ್ಟೇ ಬರೆದು ತಾರೀಖನ್ನು ಹಾಕದೆ ಬಿಟ್ಟಿರಬಹುದು. ಯಾವ ಊರಿನಿಂದ, ಯಾವ ದಿನ ಎಂಬುದು ಇರುವುದು ಲಕೋಟೆಯ ಮೇಲೆಯೇ. 1879ರಲ್ಲಿ ಬಂದ ಪೋಸ್ಟ್ ಕಾರ್ಡು, 1950ರಲ್ಲಿ ಬಂದ ಇನ್‌ಲ್ಯಾಂಡ್ ಪತ್ರ ಇವು ಮುದ್ರೆಯನ್ನು ತಮ್ಮ ಮೈಮೇಲೆಯೇ ಹೊತ್ತಿರುವುದರಿಂದ ಆ ಮಟ್ಟಿಗೆ ಸುರಕ್ಷಿತ. ತಂತಿಯ ಹಾಳೆಗಳೂ ಹಾಗೆಯೇ. ಮುದ್ರೆಯ ಜಾಗವನ್ನು ಮಡಿಸದೆ, ಅಂಟು ಹಚ್ಚದೆ, ಅಂಚೆಚೀಟಿಯನ್ನು ಮಾತ್ರ ಕತ್ತರಿಸಿಕೊಳ್ಳದೆ ಇಟ್ಟರೆ ಸಾಕು.

ದೊಡ್ಡವರ ಚರಿತ್ರೆಗೆ ಶಾಸನಗಳಿವೆ, ರಾಜ್ಯಪತ್ರಗಳಿವೆ. 1948ರಲ್ಲಿ ಸುರಪುರ ಸೀಮೆಯ ಒಂದು ಒಕ್ಕಲು ಮನೆಯವರು ಎಲ್ಲಿದ್ದರು, ಯಾರ ಸುದ್ದಿಗೆ ಎಷ್ಟು ದಿನ ಕಾದರು ಎಂಬುದಕ್ಕೆ ಅಂಥ ಆಧಾರಗಳಿಲ್ಲ. ಅದಕ್ಕೆ ಇರುವುದು ಒಬ್ಬ ಪೋಸ್ಟ್ ಮಾಸ್ತರರು ಬೆಳಿಗ್ಗೆ ಮೊಳೆ ಬದಲಿಸಿ ಒತ್ತಿದ ಮುದ್ರೆ. ಅದು ಸ್ಪಷ್ಟವಾಗಿ ಮೂಡಿದ್ದರೆ, ಯಾವ ದೇವಾಪುರ ಎಂದು ಮುಂದಿನವರು ವಾದಿಸಬೇಕಾಗುವುದಿಲ್ಲ.